ಕಷ್ಟದಲ್ಲಿ ನನ್ನ ಹಿಡಿದಿಟ್ಟಿದ್ದು ಬೈಬಲಿನ 13ನೇ ಕೀರ್ತನೆ

"ದೇವರ ಹತ್ರ ಗೊಣಗೋದು ಅವಿಶ್ವಾಸ ಬ್ರದರ್, ಬರೀ ಸ್ತೋತ್ರ ಮಾಡಿ" ಅಂತ ನಮ್ಮ ಚರ್ಚ್ ಸಭೇಲಿ ತುಂಬಾ ಜನ ಹೇಳಿದ್ರು. ಮೂರು ವರ್ಷ ಆಯ್ತು, ಗೊಣಗಿಕೊಂಡೇ ಪ್ರಾರ್ಥನೇಲಿ ನಿಂತಿದೀನಿ, ಅದಕ್ಕೇ ಬರೀತಿದೀನಿ.

ಕೆಲಸ ಹೋದಾಗ ನಾಲ್ಕೋ ಐದೋ ತಿಂಗಳಿಗಾಗೋವಷ್ಟು ಉಳಿತಾಯ ಇತ್ತು, ಹಿಂದೇನೇ ಹೆಂಡತಿಗೆ ಆಪರೇಷನ್, ಎಲ್ಲ ಖಾಲಿ. 21 ದಿನ ಉಪವಾಸ ಹಿಡಿದೆ. ಹತ್ತನೇ ದಿನದ ಹೊತ್ತಿಗೆ ತಲೆಸುತ್ತು, ಮನೆಯವ್ರ ಮೇಲೆಲ್ಲ ರೇಗಾಟ, ಬಿಟ್ಟೆ. ಅದಕ್ಕಿಂತ ದೊಡ್ಡ ತಪ್ಪು ಸಾಲದ ದುಡ್ಡಲ್ಲಿ ಹರಕೆ ಕಾಣಿಕೆ ಹಾಕಿದ್ದು, ಬಿತ್ತಿದ್ರೆ ನೂರರಷ್ಟು ಬರುತ್ತೆ ಅಂತ ನಂಬಿ. ಬರ್ಲಿಲ್ಲ. ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ, ಬಡ್ಡಿ ಸೇರಿ ತೀರ್ಸೋಕೆ ಒಂದೂವರೆ ವರ್ಷ ಹಿಡೀತು. ದಶಮಾಂಶ, ಅಂದ್ರೆ ಆದಾಯದ ಹತ್ತರಲ್ಲೊಂದು ಪಾಲು, ಈಗ್ಲೂ ದೇವರಿಗೆ ಕೊಡ್ತೀನಿ, ಆದ್ರೆ ದುಡಿದಿದ್ರಲ್ಲಿ ಮಾತ್ರ.

ಆಮೇಲೆ ಕಣ್ಣಿಗೆ ಬಿದ್ದಿದ್ದು ಬೈಬಲಿನ ಪ್ರವಾದಿ ಎಲೀಯನ ಕಥೆ, 1 ಅರಸುಗಳು 19ನೇ ಅಧ್ಯಾಯ. ಪ್ರಾಣ ತೆಗೆದುಬಿಡು ಅಂತ ಬೇಡ್ಕೊಂಡು ಮಲಗಿದವನನ್ನ ದೇವದೂತ ಬೈಲಿಲ್ಲ, ಎಬ್ಬಿಸಿ ಊಟ ಕೊಟ್ಟ, ಮತ್ತೆ ಮಲಗಿದ, ಮತ್ತೆ ಊಟ ಕೊಟ್ಟ. ಅವತ್ತಿಂದ ನಿದ್ದೆ, ಊಟ ತಪ್ಪಿಸ್ಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದೇ ಒಂದು ಕೀರ್ತನೆ, ಜೋರಾಗಿ ಓದೋದು. 13, 22, 42, 88, ದೇವರ ಮುಂದೆ ಗೋಳು ತೋಡ್ಕೊಳ್ಳೋ ಕೀರ್ತನೆಗಳು, ಇವೇ ಸುತ್ತಿ ಸುತ್ತಿ. 88 ಓದಿ ನೋಡಿ, ಕೊನೆಗೂ ಬೆಳಕು ಬರಲ್ಲ, ಕತ್ತಲಲ್ಲೇ ಮುಗಿಯುತ್ತೆ, ಆದ್ರೂ ಅದು ಬೈಬಲಲ್ಲಿದೆ. ಕರ್ತ ಯೇಸುವೇ ಶಿಲುಬೆ ಮೇಲೆ 22ನೇದರ ಮೊದಲ ಮಾತು, ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಅಂತ, ಕೂಗಿದ್ರಲ್ಲ, ಅದು ಅವಿಶ್ವಾಸಾನಾ?

ಮಧ್ಯೆ, ಬೈಬಲಲ್ಲಿ ಜೈಲಲ್ಲಿದ್ದೂ ನಡುರಾತ್ರಿ ಹಾಡಿದ ಪೌಲ ಸೀಲರ ಥರ, ನಾನೂ ನಡುರಾತ್ರಿ ಎದ್ದು ಹಾಡೋದೂ ಮಾಡಿದೆ. ನಾಲ್ಕು ರಾತ್ರಿ ಆದ್ಮೇಲೆ ಹಗಲೆಲ್ಲ ತೂಕಡಿಕೆ, ನಿಲ್ಲಿಸಿದೆ. ಸಂಜೆಗೆ ಇನ್ನೊಂದು ಅಭ್ಯಾಸ ಇದೆ, ಅದು ನನ್ನ ಕರ್ತರ ಮಧ್ಯೆ ಇರ್ಲಿ.

13ನೇದರಲ್ಲಿ ಇರೋದೇ ಆರು ವಚನ. ಎಂಟು ತಿಂಗಳೋ ಏನೋ ನಾಲ್ಕಕ್ಕೇ ನಿಲ್ಲಿಸ್ತಿದ್ದೆ, ಕೊನೇ ಎರಡು, ನಾನಂತೂ ನಿನ್ನ ಪ್ರೀತೀಲಿ ಭರವಸೆ ಇಟ್ಟಿದ್ದೀನಿ ಅನ್ನೋದು, ಬಾಯಿಗೇ ಬರ್ತಿರ್ಲಿಲ್ಲ, ಸುಳ್ಳು ಹೇಳೋಕೆ ಇಷ್ಟ ಇರ್ಲಿಲ್ಲ. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಹೆಂಡತಿ ಆ ಎರಡನ್ನ ತಾನೇ ಓದಿದ್ಲು. ಅವತ್ತೂ ಕೆಲಸ ಇರ್ಲಿಲ್ಲ, ಸಾಲ ಹಾಗೇ ಇತ್ತು. ಮಾರನೇ ದಿನ ಆರನ್ನೂ ನಾನೇ ಓದಿದೆ.