ಕೌಂಟರ್‌ನಿಂದ ಕ್ಯಾಬಿನ್‌ಗೆ ಬಂದವರಿಗೆ

ಉಡುಪಿಯ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಮ್ಯಾನೇಜರ್. ಮೊದಲು ಚಿನ್ನದ ಸಾಲದ ಕೌಂಟರ್ ನೋಡುತ್ತಿದ್ದೆ. ಹೊಸದಾಗಿ ಬಡ್ತಿ ಸಿಕ್ಕಿದವರು ಫೋನ್ ಮಾಡಿದರೆ ಮೊದಲು ಹೇಳುವುದು ಇಷ್ಟೇ: ಹಳೇ ಕೆಲಸ ಪೂರ್ತಿ ಬಿಟ್ಟುಕೊಡಿ.

ಕ್ಯೂ ಬೆಳೆದರೆ ಕೈ ತುರಿಸುತ್ತದೆ. ನೀವು ಕೂತರೆ ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿರುವ ಹುಡುಗ ಕಲಿಯುವುದು ಯಾವಾಗ? ಗ್ರಾಹಕರೂ ‘ಮೇಡಂ ಇಲ್ವಾ?’ ಎಂದೇ ಕೇಳುತ್ತಾರೆ. ಹೇಳಿಕೊಡುವುದಿದ್ದರೆ ಬಾಗಿಲು ಹಾಕಿದ ಮೇಲೆ, ಅವತ್ತಿನದೇ ಫೈಲ್ ಇಟ್ಟುಕೊಂಡು ಹೇಳಿ. ಗ್ರಾಹಕರ ಎದುರು ತಿದ್ದಬೇಡಿ. ಬಿಟ್ಟುಕೊಡಬಾರದ್ದು ನಿಮ್ಮ ಪಾಸ್‌ವರ್ಡ್, ನಿಮ್ಮ ಪಾಲಿನ ಸೇಫ್ ಕೀ. ‘ಒಂದ್ನಿಮಿಷ ಕೀ ಕೊಡಿ ಮೇಡಂ’ ಅಂದರೆ ನೀವೇ ಎದ್ದು ಹೋಗಿ.

ನಿನ್ನೆವರೆಗೆ ‘ಮಾರಾಯ್ತಿ’ ಅಂದವರು ಈಗ ‘ಮೇಡಂ’ ಅನ್ನುತ್ತಾರೆ. ಅನ್ನಲಿ ಬಿಡಿ. ತುಳುವಿನಲ್ಲಿ ಮಾತಾಡಿ, ಆದರೆ ಆಂಧ್ರದಿಂದಲೋ ಬಿಹಾರದಿಂದಲೋ ಬಂದ ಆಫೀಸರ್ ಕೂತಿದ್ದರೆ ಮೀಟಿಂಗ್ ತುಳುವಿನಲ್ಲಿ ಬೇಡ.

ಜಗಳ ಜಾಸ್ತಿ ಆಗುವುದು ರಜೆಗೆ. ವರ್ಷದ ಶುರುವಿಗೇ ಒಂದು ಕ್ಯಾಲೆಂಡರ್ ತೂಗುಹಾಕಿ, ಎಲ್ಲರಿಂದಲೂ ಬರೆಸಿ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಫೆಸ್ತ್, ಅಷ್ಟಮಿ, ಅದರ ಮರುದಿನದ ವಿಟ್ಲಪಿಂಡಿ, ರಂಜಾನ್ ಹಬ್ಬ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ. ಕುಟುಂಬದ ಮನೆಯ ದೈವದ ನೇಮದ ತಾರೀಕು ನಿಶ್ಚಯ ಆಗುವುದು ತಡ, ಅದನ್ನು ಪೆನ್ಸಿಲ್‌ನಲ್ಲಿ ಬರೆಸಿ. ಯಕ್ಷಗಾನದಲ್ಲಿ ವೇಷ ಕಟ್ಟುವ ಗುಮಾಸ್ತರಿದ್ದರೆ, ರಾತ್ರಿಯಿಡೀ ಆಟ ಮುಗಿಸಿ ಬಂದವರನ್ನು ಬೆಳಿಗ್ಗೆ ಕ್ಯಾಶಿಗೆ ಕೂರಿಸಬೇಡಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ, ಮೇ ಕೊನೆಗೆ, ಅದೇ ಮನುಷ್ಯ ಬೇರೆಯವರ ರಜೆಗೆ ಖುಷಿಯಿಂದ ಒದಗುತ್ತಾರೆ.

ಇನ್ನು ನಿಮ್ಮ ಕಲಿಕೆ. ಬ್ಯಾಂಕ್ ನೌಕರರು ಬರೆಯುವ ಸಿಎಐಐಬಿ ಪರೀಕ್ಷೆ ಬಾಕಿ ಇದ್ದರೆ ಬರೆದು ಮುಗಿಸಿ, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪರೀಕ್ಷೆಗಿಂತ ಮುಖ್ಯ ಊರಿನ ದುಡ್ಡು ಹೇಗೆ ಓಡಾಡುತ್ತದೆ ಅನ್ನುವುದು. ಬೆಳಿಗ್ಗೆ ಬೇಗ ಮಲ್ಪೆ ಬಂದರಿಗೆ ಹೋಗಿ, ಸುಮ್ನೆ ನಿಂತು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಲ್ಲೂ ಬೋಟಿನವರ ಕಂತು ಅಷ್ಟೇ ಇಟ್ಟರೆ ವಸೂಲಿಗೆ ಓಡಾಡಬೇಕಾದವರು ನೀವೇ, ಅಲ್ವಾ? ಸಾಲ ಮಂಜೂರು ಮಾಡುವಾಗಲೇ ಕಂತಿನ ತಿಂಗಳುಗಳನ್ನು ಅವರ ಜೊತೆ ಕೂತು ಮಾತಾಡಿ.

ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಕಡಿಮೆ ಅಂದರೂ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಮೋಸ ಇದ್ದರೆ ಹೊರಬೀಳಲಿ ಎಂದು ಮಾಡಿದ ನಿಯಮ ಅದು. ನಿಮ್ಮನ್ನು ಕಳಿಸಿದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಶಾಖೆಯ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ. ವಾಪಸ್ ಬಂದಾಗ ‘ಮೇಡಂ ಬರಲಿ’ ಎಂದು ಎತ್ತಿಟ್ಟ ಕೆಲಸಗಳು ಮೇಜಿನ ಮೇಲೆ ಇರುತ್ತವೆ. ಅವನ್ನು ಒಬ್ಬರೇ ಕೂತು ಮುಗಿಸಬೇಡಿ. ಎತ್ತಿಟ್ಟವರನ್ನೇ ಕರೆದು, ಪಕ್ಕದಲ್ಲಿ ಕೂರಿಸಿ, ಅವರ ಕೈಯಲ್ಲೇ ಮಾಡಿಸಿ.