ಚಿಲಕ ಹಾಕಿದ ಕೋಣೆಯಲ್ಲಿ ಓವರ್‌ಡೋಸ್ ಆದಾಗ

ಬೀದಿಯಲ್ಲಿದ್ದವರಿಗೆ ಸ್ವಂತ ಕೋಣೆ ಕೊಟ್ಟು, ನೆರವಿಗೆ ಸಿಬ್ಬಂದಿಯನ್ನೂ ಇಟ್ಟಿರುವ ಒಂದು ವಸತಿ ಕಟ್ಟಡದಲ್ಲಿ ನಾನು ಕೆಲಸ ಮಾಡುತ್ತೇನೆ. ಇಲ್ಲಿ ಹಲವರು ಹೆರಾಯಿನ್, ಫೆಂಟನಿಲ್‌ನಂಥ ಓಪಿಯಾಯ್ಡ್ ಬಳಸುವವರು. ತಲೆ ಮೇಲೊಂದು ಸೂರು ಸಿಕ್ಕರೆ ಅಪಾಯ ತಪ್ಪಿತು ಅನ್ನಿಸುತ್ತದೆ, ಅಲ್ವಾ? ಆದರೆ ಬೀದಿಯಲ್ಲಿ ಬಿದ್ದವರು ಯಾರದಾದರೂ ಕಣ್ಣಿಗೆ ಬೀಳುತ್ತಾರೆ. ಕೋಣೆಯೊಳಗೆ ಚಿಲಕ ಹಾಕಿಕೊಂಡು ಬಿದ್ದವರನ್ನು ನೋಡುವವರೇ ಇಲ್ಲ. ಓಪಿಯಾಯ್ಡ್ ಜಾಸ್ತಿಯಾದರೆ ಉಸಿರು ನಿಧಾನವಾಗುತ್ತಾ ನಿಂತೇ ಹೋಗುತ್ತದೆ. ಆಮ್ಲಜನಕ ಸಿಗದೆ ಮಿದುಳು ತಾಳುವುದು ಕೆಲವೇ ನಿಮಿಷ. ಆಗ ಪಕ್ಕದಲ್ಲಿ ಒಬ್ಬರು ಇರಬೇಕು. ನಾವು ಮಾಡಿದ್ದೆಲ್ಲ ಇದಕ್ಕಾಗಿಯೇ.

ಮೊದಲು ಕೈ ಹಾಕಿದ್ದು ನಿಯಮಗಳಿಗೆ. ಡ್ರಗ್ಸ್ ತೆಗೆದುಕೊಂಡಿದ್ದು ಗೊತ್ತಾದರೆ ಕೋಣೆ ಖಾಲಿ ಮಾಡಿಸುತ್ತಾರೆ ಎಂಬ ಭಯ ಇರುವ ತನಕ ಯಾರೂ ಬಾಯಿ ಬಿಡುವುದಿಲ್ಲ, ಕದ್ದುಮುಚ್ಚಿ ಒಬ್ಬರೇ ತೆಗೆದುಕೊಳ್ಳುತ್ತಾರೆ. ಆ ಭಯ ಹೋಗಲಿ ಎಂದು ಬಳಕೆಯ ಕಾರಣಕ್ಕೆ ಯಾರನ್ನೂ ಹೊರಗೆ ಹಾಕುವುದಿಲ್ಲ ಎಂದು ಬರೆದು ಅಂಟಿಸಿದೆವು. ಪಕ್ಕದಲ್ಲಿ ಯಾರಾದರೂ ಇರಲಿ ಎಂದು ರಾತ್ರಿ ಸ್ನೇಹಿತರು ಬರುವುದಕ್ಕಿದ್ದ ತಡೆಯನ್ನೂ ತೆಗೆಸಿದೆವು.

ನಲಾಕ್ಸೋನ್ ಅಂದರೆ ಓಪಿಯಾಯ್ಡ್‌ನ ಪ್ರಭಾವ ತಡೆದು ಉಸಿರು ಮರಳಿಸುವ ಔಷಧ, ಮೂಗಿಗೆ ಹೊಡೆಯುವ ಸ್ಪ್ರೇ ರೂಪದಲ್ಲಿ ಸಿಗುತ್ತದೆ. ಅದು ಆಫೀಸಿನ ಬೀರುವಿನಲ್ಲಿ ಬೀಗದೊಳಗಿದ್ದರೆ ಏನೂ ಪ್ರಯೋಜನವಿಲ್ಲ. ಪ್ರತಿ ಮಹಡಿಯ ಗೋಡೆಗೂ ಅದರ ಪೆಟ್ಟಿಗೆ ಹಾಕಿಸಿ, ನಿವಾಸಿಗಳಿಗೇ ತರಬೇತಿ ಕೊಟ್ಟೆವು. ಪಕ್ಕದ ಕೋಣೆಯ ಸದ್ದು ಸಿಬ್ಬಂದಿಗಿಂತ ಮೊದಲು ಕೇಳಿಸುವುದು ಅವರಿಗೇ ತಾನೆ?

ಒಮ್ಮೆ ಮೇಲಿನ ಮಹಡಿಯ ಹೆಂಗಸೊಬ್ಬರು ಓಡಿ ಬಂದು, "ಅಕ್ಕಾ, ಅವನ ಗೊರಕೆ ಸರಿಯಿಲ್ಲ, ಬೇಗ ಬನ್ನಿ" ಎಂದರು. ಗಂಟಲಲ್ಲಿ ನೀರು ಗೊರಗುಟ್ಟಿದ ಹಾಗೆ ಸದ್ದು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕಪ್ಪು ಮೈಬಣ್ಣದವರಲ್ಲಿ ನೀಲಿ ಕಾಣಿಸುವುದು ಕಡಿಮೆ, ಬೂದಿ ಬಣ್ಣವನ್ನೇ ಗಮನಿಸಬೇಕು. ಎದೆಮೂಳೆಯ ಮೇಲೆ ಗೆಣ್ಣಿನಿಂದ ಜೋರಾಗಿ ಉಜ್ಜಿದೆ, ಅಲುಗಾಡಲಿಲ್ಲ. ಆಕೆ ಆಂಬುಲೆನ್ಸ್‌ಗೆ ಫೋನ್ ಮಾಡಿದರು. ನಾನು ಒಂದು ಮೂಗಿನ ಹೊಳ್ಳೆಗೆ ಸ್ಪ್ರೇ ಹೊಡೆದು, ತಲೆ ಹಿಂದಕ್ಕೆ ಬಾಗಿಸಿ, ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಟ್ಟೆ. ಎರಡು ಮೂರು ನಿಮಿಷವಾದರೂ ಸ್ವಂತ ಉಸಿರು ಬರಲಿಲ್ಲ, ಇನ್ನೊಂದು ಸ್ಪ್ರೇ ಹೊಡೆದೆ. ಆಮೇಲೆ ಎದೆ ತಾನಾಗಿಯೇ ಏರಿತು. ಈಗ ಬೀದಿಯಲ್ಲಿ ಸಿಗುವ ಡ್ರಗ್ಸ್‌ನಲ್ಲಿ ನಿದ್ದೆ ಬರಿಸುವ ಬೇರೆ ಔಷಧಗಳೂ ಬೆರೆತಿರುತ್ತವೆ. ಅವುಗಳ ಮೇಲೆ ನಲಾಕ್ಸೋನ್ ಕೆಲಸ ಮಾಡುವುದಿಲ್ಲ. ಹಾಗಾಗಿ ಉಸಿರಾಟ ಸರಿಹೋದರೂ ಎಚ್ಚರ ಬರುವುದು ತಡವಾಗಬಹುದು. ಗಾಬರಿಯಲ್ಲಿ ಸ್ಪ್ರೇ ಮೇಲೆ ಸ್ಪ್ರೇ ಹೊಡೆಯಬೇಡಿ, ಉಸಿರು ನೋಡಿ.

ಎದ್ದ ಮೇಲೆ ಮೈಯೆಲ್ಲ ನೋವು, ವಾಂತಿ, ಸಿಟ್ಟು. ಮತ್ತೆ ತೆಗೆದುಕೊಳ್ಳಬೇಕು ಅನ್ನಿಸುತ್ತದೆ. ನಲಾಕ್ಸೋನ್‌ನ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಅದು ಇಳಿದಾಗ ಉಸಿರು ಮತ್ತೆ ನಿಲ್ಲಬಹುದು. ಅದಕ್ಕೇ ಬುದ್ಧಿವಾದ ಬಿಟ್ಟು ಪಕ್ಕದಲ್ಲೇ ಕೂರುತ್ತೇವೆ.

ಆಸ್ಪತ್ರೆಯಿಂದಲೋ ಜೈಲಿನಿಂದಲೋ ವಾಪಸ್ ಬಂದವರ ಮೇಲೆ ಹೆಚ್ಚು ನಿಗಾ ಇಡುತ್ತೇವೆ. ಕೆಲವು ದಿನ ಬಿಟ್ಟರೂ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಅಳತೆಯೇ ಕೊಲ್ಲುತ್ತದೆ. ಬಂದ ದಿನವೇ ಹೋಗಿ ಮಾತಾಡಿಸುತ್ತೇವೆ. ಓಪಿಯಾಯ್ಡ್ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧ ಬೇಕೆಂದರೆ ಕ್ಲಿನಿಕ್ಕಿಗೆ ಜೊತೆಗೇ ಹೋಗುತ್ತೇವೆ.

ಬಾಗಿಲು ತಟ್ಟುವ ವಿಷಯ ಸೂಕ್ಷ್ಮ. ಅದು ಅವರ ಮನೆ. ಯಾವಾಗ ತಟ್ಟಬೇಕು, ಎಷ್ಟು ಸಲ ಉತ್ತರ ಬರದಿದ್ದರೆ ಒಳಗೆ ಬರಬಹುದು ಎಂಬುದನ್ನು ಅವರನ್ನೇ ಕೇಳಿ ಬರೆದುಕೊಂಡಿದ್ದೇವೆ.

ಇನ್ನು ಬಚ್ಚಲುಮನೆ. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಅಡ್ಡವಾಗಿ, ತಳ್ಳಿದರೂ ತೆರೆಯುವುದಿಲ್ಲ. ಕೆಳಗಿನ ಮಹಡಿಯ ಬಾಗಿಲುಗಳನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದ್ದೇವೆ. ಮೇಲಿನವು ಬಾಕಿ ಇವೆ, ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದೇನೆ.