ಹಳೇ ಸೋಫಾ ತರುವ ಮುಂಚೆ ಲೇಬಲ್ ಓದಿ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ, ಊರಿಗೆ ವಾಪಸ್ ಹೊರಟ ಯಾರಾದರೂ ಸೋಫಾ ಸುಮ್ನೆ ಕೊಟ್ಟು ಹೋಗುವುದುಂಟು. ತಗೊಳ್ಳಿ, ತಪ್ಪೇನಿಲ್ಲ. ಆದರೆ ವ್ಯಾನಿಗೆ ಏರಿಸುವ ಮುಂಚೆ ಕುಶನ್ ಎತ್ತಿ, ಅಲ್ಲಿ ಕಾಣದಿದ್ದರೆ ಸೋಫಾ ಮಗುಚಿ, ಹೊಲಿದಿರುವ ಲೇಬಲ್ ಹುಡುಕಿ.

ಅದರಲ್ಲಿ ಬರೀ ‘ಟೆಕ್ನಿಕಲ್ ಬುಲೆಟಿನ್ 117’ ಅಂತಿದ್ದರೆ ಬೇಡ ಅನ್ನುವುದೇ ಒಳ್ಳೆಯದು, ಪುಟ್ಟ ಮಕ್ಕಳಿದ್ದರಂತೂ ಬೇಡವೇ ಬೇಡ. ಅದು 1975ರ ಕ್ಯಾಲಿಫೋರ್ನಿಯಾ ನಿಯಮ. ಒಳಗಿನ ಫೋಮ್ ಸಣ್ಣ ಉರಿಯನ್ನು 12 ಸೆಕೆಂಡ್ ತಡೆಯಬೇಕಿತ್ತು, ಅದಕ್ಕಾಗಿ ಕಂಪನಿಗಳು ಫೋಮ್‌ಗೆ ಫ್ಲೇಮ್ ರಿಟಾರ್ಡೆಂಟ್, ಅಂದರೆ ಬೆಂಕಿ ಹತ್ತುವುದನ್ನು ತಡಮಾಡುವ ರಾಸಾಯನಿಕ ಸೇರಿಸುತ್ತಿದ್ದವು. ಅದು ಫೋಮ್‌ನಲ್ಲೇ ಉಳಿಯುವುದಿಲ್ಲ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬಂದು ಮನೆಯ ಧೂಳಿಗೆ ಸೇರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ, ಅಲ್ವಾ? ಕ್ಲೋರಿನೇಟೆಡ್ ಟ್ರಿಸ್ ಅನ್ನೋ ಇಂಥದ್ದೇ ಒಂದು ರಾಸಾಯನಿಕವನ್ನು 1970ರ ದಶಕದಲ್ಲೇ ಮಕ್ಕಳ ಪೈಜಾಮದಿಂದ ಕೈಬಿಟ್ಟಿದ್ದರು. ಆದರೂ ಸೋಫಾಗಳಿಗೆ ಅದನ್ನೇ ಹಾಕಿದರು. 2011ರಲ್ಲಿ ಕ್ಯಾಲಿಫೋರ್ನಿಯಾ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಯಾಕಂದರೆ ಮೇಲಿನ ಬಟ್ಟೆ ಒಮ್ಮೆ ಹೊತ್ತಿಕೊಂಡರೆ ಆ ದೊಡ್ಡ ಉರಿಯ ಮುಂದೆ ಇಂಥ ಫೋಮ್ ಕೂಡ ನಿಲ್ಲುವುದಿಲ್ಲ.

‘117-2013’ ಅಂತಿದ್ದರೆ ಹೊಸ ನಿಯಮದ್ದು, ರಾಸಾಯನಿಕ ಇಲ್ಲದೆಯೂ ಪಾಸಾಗುತ್ತದೆ. 2015ರಿಂದ ಇಲ್ಲಿ ಮಾರಲೆಂದು ತಯಾರಾದ ಸೋಫಾಗಳಲ್ಲಿ ರಾಸಾಯನಿಕ ಸೇರಿಸಿದೆಯೋ ಇಲ್ಲವೋ ಅಂತ ಲೇಬಲ್ಲಿನಲ್ಲೇ ಗುರುತು ಹಾಕಿರಬೇಕು, ಅದನ್ನೂ ನೋಡಿ. 2020ರಿಂದ ಹೊಸ ಸೋಫಾಗಳಿಗೆ ಸೇರಿಸುವುದಕ್ಕೆ ನಿಷೇಧವಿದೆ.

ಹಳೆಯದು ಆಗಲೇ ಮನೆಯಲ್ಲಿದೆಯಾ? ಗಾಬರಿ ಬೇಡ. ಹರಿದ ಕಡೆ ಫೋಮ್ ಪುಡಿಯಾಗಿ ಉದುರುತ್ತಿದ್ದರೆ ಮಾತ್ರ ಬೇಗ ಸಾಗಹಾಕಿ. ಉಳಿದಂತೆ ಸಣ್ಣ ಧೂಳಿನ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ.

ಇನ್ನು ಬೆಂಕಿಯ ವಿಷಯ. ಜೀವ ಉಳಿಸುವುದು ಸ್ಮೋಕ್ ಅಲಾರ್ಮ್. ಒಗ್ಗರಣೆ ಹಾಕಿದಾಗಲೆಲ್ಲ ಅದು ಕಿರುಚುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಬ್ಯಾಟರಿ ತೆಗೆದಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ! ಮೊದಲೇ ಕಿಟಕಿ ತೆಗೆದು, ಒಲೆಯ ಮೇಲಿನ ಫ್ಯಾನ್ ಹಾಕಿ. ತಿಂಗಳಿಗೊಮ್ಮೆ ಬಟನ್ ಒತ್ತಿ ಪರೀಕ್ಷಿಸಿ. ಅಲಾರ್ಮ್‌ನ ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, 10 ವರ್ಷ ದಾಟಿದ್ದರೆ ಹೊಸದು ಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಇಮೇಲ್ ಬರೆದು ಕೇಳಿ, ಸಂಕೋಚ ಬೇಡ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಮುಚ್ಚಳ ಮುಚ್ಚಿ, ಒಲೆ ಆರಿಸಿ. ಬೆಂಕಿ ಕೈಮೀರಿದರೆ ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.